ಗೈಗ್ಯಾಕ್ಸ್ ಅವರನ್ನು ಬೈದರೆ ಆಟಗಾರರು ಏಕೆ ಕೆರಳುತ್ತಾರೆ?

ಗ್ಯಾರಿ ಗೈಗ್ಯಾಕ್ಸ್ 2008ರ ಮಾರ್ಚ್ 4ರಂದು, ತಮ್ಮ 69ನೆಯ ವಯಸ್ಸಿನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ ತೀರಿಕೊಂಡರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಕಟ್ಟಿದ ಇಬ್ಬರಲ್ಲಿ ಅವರೊಬ್ಬರು. ಪತ್ರಿಕೆಗಳು ಶ್ರದ್ಧಾಂಜಲಿ ಬರೆಯುತ್ತಿದ್ದ ಹೊತ್ತಿನಲ್ಲಿ, ಸೂತಕ ಕಳೆಯುವ ಮೊದಲೇ, ಸ್ಲೇಟ್ ಎಂಬ ಅಮೆರಿಕದ ಅಂತರ್ಜಾಲ ಪತ್ರಿಕೆ ಬೇರೆಯದೇ ರಾಗ ತೆಗೆಯಿತು. ಕೊಲ್ಲು, ಅಂಕ ಗಳಿಸು, ಬಲಿಷ್ಠನಾಗು, ಮತ್ತಷ್ಟು ಕೊಲ್ಲು: ಈ ಆಟದ ಒಟ್ಟು ನೀತಿ ಇಷ್ಟೇ, ಇದನ್ನು ಕಟ್ಟಿದವರನ್ನು ಹೊಗಳುವುದು ಸಾಕು ಎಂಬುದು ಆ ಲೇಖನದ ತಿರುಳು. ಅಭಿಮಾನಿಗಳು ಕೆಂಡಾಮಂಡಲವಾದರು. ಹದಿನಾರು ವರ್ಷಗಳ ನಂತರ, ಆಟಕ್ಕೆ ಐವತ್ತು ತುಂಬಿದ 2024ರಲ್ಲಿ, ಅದೇ ಬೆಂಕಿ ಮತ್ತೆ ಹೊತ್ತಿಕೊಂಡಿತು. ಈ ಸಲ ಕಡ್ಡಿ ಗೀರಿದ್ದು ಆಟದ ಒಡೆತನವಿರುವ ಕಂಪನಿಯೇ.

ಬಳ್ಳಾರಿಯಲ್ಲಿ ಕುಳಿತು ಇದನ್ನೆಲ್ಲ ಏಕೆ ತಲೆಗೆ ಹಚ್ಚಿಕೊಳ್ಳಬೇಕು ಎಂದು ಕೇಳಬಹುದು. ಆಟ ಈಗ ಇಲ್ಲಿಗೂ ಬಂದಿದೆ ಎಂಬುದು ಒಂದು ಉತ್ತರ. ಗೈಗ್ಯಾಕ್ಸ್ ಅವರ ಹೆಸರಿಗೆ ಮಸಿ ಬಳಿದರೆ ಮುಖ ಕೆಂಪಗೆ ಮಾಡಿಕೊಳ್ಳುವ, ಅವರು ಸತ್ತಾಗ ಮೂರನೆಯ ತರಗತಿಯಲ್ಲಿದ್ದ ಹುಡುಗರು ಈ ಊರಿನಲ್ಲೇ ಇದ್ದಾರೆ. ತಾವು ಕಣ್ಣಾರೆ ಕಾಣದ, ತಮ್ಮ ಭಾಷೆಯವರೂ ಅಲ್ಲದ ಒಬ್ಬ ಮನುಷ್ಯನಿಗಾಗಿ ಇವರಿಗೆ ಇಷ್ಟು ಸಿಟ್ಟು ಏಕೆ? ಅದನ್ನು ತಿಳಿಯಬೇಕಾದರೆ ಮೊದಲು ಆಟ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

ಚದುರಂಗಕ್ಕಿರುವಂತೆ ಇದಕ್ಕೆ ಹಾಸು ಬೇಕೇ ಬೇಕೆಂದಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ಅರ್ಚಕ. ‘ನಿಮ್ಮ ಮುಂದೆ ಕಬ್ಬಿಣದ ಬಾಗಿಲಿದೆ, ಒಳಗಿನಿಂದ ಏನೋ ಕೆರೆಯುವ ಸದ್ದು ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ನಡೆಸುವವರು ಕೇಳುತ್ತಾರೆ. ಆಟಗಾರರು ಬಾಯಿಮಾತಿನಲ್ಲೇ ಉತ್ತರಿಸುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ; ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು. ಆರಂಭದಲ್ಲಿ ಶಾಲೆಗಳಿಗೆ ಪಾಠೋಪಕರಣ ಮಾರುವವರ ಪಟ್ಟಿಯಿಂದ ಆರಿಸಿ ತಂದ ದಾಳಗಳು ಅವು. ಗೆದ್ದವರು ಸೋತವರು ಎಂಬುದಿಲ್ಲ. ಒಂದೇ ಕಥೆ ವರ್ಷಗಟ್ಟಲೆ ನಡೆಯಬಹುದು.

ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆನೆಗೊಂದಿ ಸೀಮೆಯ ಬಯಲಿನಲ್ಲಿ ವಾಲಿ ಸುಗ್ರೀವರ ಕಾಳಗ ಆಡುವಾಗ ಕವಿ ಬರೆದ ಪ್ರತಿ ಒಂದು ಕಡೆ ಇರುತ್ತದೆ, ಪದಗಳು ಅದರಂತೆ. ಆದರೆ ಸಾರಥಿ ಎದುರು ನಿಂತು ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ಕೇಳಿದ ಮೇಲೆ ವೇಷಧಾರಿಯ ಬಾಯಿಂದ ಬರುವ ಮಾತು ಎಷ್ಟೋ ಸಲ ಪ್ರತಿಯಲ್ಲಿ ಇರುವುದಿಲ್ಲ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ತರಾಟೆಗೆ ತೆಗೆದುಕೊಳ್ಳುವ ಸನ್ನಿವೇಶ ಪ್ರತಿಯಲ್ಲಿ ನಾಲ್ಕು ಸಾಲಿದ್ದರೂ, ಮಾತುಗಾರ ಸಿಕ್ಕರೆ ಅರ್ಧ ಗಂಟೆ ಬೆಳೆಯುತ್ತದೆ, ಜನ ಮೈಮರೆತು ಕೇಳುತ್ತಾರೆ. ಆ ಅರ್ಧ ಗಂಟೆ ಕವಿಯದೋ ವೇಷಧಾರಿಯದೋ? ಗೈಗ್ಯಾಕ್ಸ್ ಕುರಿತ ಜಗಳದ ಬೇರು ಈ ಪ್ರಶ್ನೆಯಲ್ಲಿದೆ. ಅವರು ಬರೆದದ್ದು ಪ್ರತಿಯನ್ನು ಮಾತ್ರ. ಟೀಕಾಕಾರರು ಓದುವುದು ಅದನ್ನೇ. ಅಭಿಮಾನಿಗಳ ನೆನಪಿನಲ್ಲಿ ಇರುವುದು ರಾತ್ರಿಯ ಆಟ, ಅದನ್ನು ಆಡಿದವರು ಅವರೇ. ಆದ್ದರಿಂದ ‘ಆಟ ಟೊಳ್ಳು’ ಎಂಬ ಮಾತು ಸತ್ತವರಿಗಿಂತ ಮೊದಲು ಬದುಕಿರುವವರಿಗೆ ತಾಗುತ್ತದೆ. ಸಿನಿಮಾ ಕೆಟ್ಟದಾಗಿದೆ ಎಂದರೆ ನೋಡಿದವನಿಗೆ ಇಷ್ಟು ನೋವಾಗುವುದಿಲ್ಲ.

ಇನ್ನು ಆ ಮನುಷ್ಯನ ಬಗ್ಗೆ. ಶಿಕಾಗೋದಲ್ಲಿ ಹುಟ್ಟಿದವರು, ವಿಮಾ ಕಂಪನಿಯ ನೌಕರ. 1970ರಲ್ಲಿ ಕೆಲಸ ಹೋಯಿತು. ಮನೆಯ ನೆಲಮಾಳಿಗೆಯಲ್ಲಿ ಚಪ್ಪಲಿ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸಿದರು. ಬಿಡುವಿನಲ್ಲಿ ತವರದ ಸೈನಿಕರನ್ನು ಜೋಡಿಸಿ ಆಡುವ ಯುದ್ಧದಾಟಗಳ ಹುಚ್ಚು. ಅತ್ತ ಮಿನೆಸೋಟದಲ್ಲಿ ಡೇವ್ ಆರ್ನೆಸನ್, ಒಬ್ಬ ಆಟಗಾರನಿಗೆ ಒಂದು ಸೈನ್ಯದ ಬದಲು ಒಂದೇ ಪಾತ್ರ ಕೊಟ್ಟು, ಅದನ್ನು ನೆಲದಡಿಯ ಸುರಂಗಗಳಿಗೆ ಇಳಿಸಿ ಆಡಿಸುತ್ತಿದ್ದರು. ಇಬ್ಬರೂ ಕೈಜೋಡಿಸಿದರು. 1974ರ ಜನವರಿಯಲ್ಲಿ ಮೂರು ಪುಟ್ಟ ಪುಸ್ತಿಕೆಗಳ ಪೆಟ್ಟಿಗೆ ಹೊರಬಂತು: ಸಾವಿರ ಪ್ರತಿ, ಬೆಲೆ ಹತ್ತು ಡಾಲರ್. ಮುಂದೆ ಗೈಗ್ಯಾಕ್ಸ್ ಅವರ ಕಂಪನಿ ಕೋಟಿಗಳ ವ್ಯವಹಾರವಾಯಿತು, 1985ರಲ್ಲಿ ಅದರ ಹಿಡಿತ ಅವರ ಕೈತಪ್ಪಿತು. ಆ ಕಥೆ ಇಲ್ಲಿ ಬೇಡ.

ಆರೋಪಗಳಿಗೆ ಬರೋಣ. ‘ಕೊಂದರೆ ಅಂಕ’ ಎಂಬುದು ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ ಆರೋಪ. ಅದೇ ಎಲ್ಲಕ್ಕಿಂತ ಬಡಕಲು ಕೂಡ. ಗೈಗ್ಯಾಕ್ಸ್ ಬರೆದ ನಿಯಮಗಳಲ್ಲಿ ಅಂಕ ಮುಖ್ಯವಾಗಿ ಬರುತ್ತಿದ್ದುದು ನಿಧಿಯಿಂದ: ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. 1979ರ ನಿಯಮದಂತೆ ಓರ್ಕ್ ಎಂಬ ಸಾಮಾನ್ಯ ರಾಕ್ಷಸನನ್ನು ಕೊಂದರೆ ಹತ್ತು ಅಂಕ, ಜೊತೆಗೆ ಅವನ ಪ್ರಾಣಬಲಕ್ಕೆ ತಕ್ಕಂತೆ ಇನ್ನು ಕೆಲವು. ಯೋಧನೊಬ್ಬ ಎರಡನೆಯ ಹಂತಕ್ಕೆ ಏರಲು ಎರಡು ಸಾವಿರದಷ್ಟು ಬೇಕು. ಬರೀ ಕೊಲೆಯಿಂದ ಅಲ್ಲಿಗೆ ತಲುಪಬೇಕಾದರೆ ನೂರಕ್ಕೂ ಹೆಚ್ಚು ಓರ್ಕ್‌ಗಳನ್ನು ಕಡಿಯಬೇಕು, ಆರಂಭದ ಹಂತದ ಯೋಧ ಎರಡು ಮೂರು ಏಟಿಗೇ ಮಣ್ಣು ಮುಕ್ಕುವವನು. ಹಾಗಾಗಿ ಜಾಣ ಆಟಗಾರ ರಾಕ್ಷಸ ಮಲಗಿರುವಾಗ ಹಿಂಬಾಗಿಲಿನಿಂದ ಗಂಟು ಹೊತ್ತು ಓಡುತ್ತಿದ್ದ. ಇದು ಕೊಲೆಯಲ್ಲ, ಕಳ್ಳತನ. ನೀತಿಯ ಮಟ್ಟ ಬಹಳ ಮೇಲೇನೂ ಏರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡುವುದಿಲ್ಲ. ಆದರೆ ಟೀಕೆ ಎಂದ ಮೇಲೆ ಗುರಿ ಸರಿ ಇರಬೇಕು. ಕೊಲೆಯೇ ಅಂಕದ ಮುಖ್ಯ ದಾರಿಯಾದದ್ದು ಗೈಗ್ಯಾಕ್ಸ್ ಕಂಪನಿ ಬಿಟ್ಟ ಮೇಲೆ, 1989ರ ಮತ್ತು 2000ದ ಆವೃತ್ತಿಗಳಲ್ಲಿ. ಅಭಿಮಾನಿಗಳ ಅತಿ ಗಟ್ಟಿ ವಾದ ಇದು. ಸಿಟ್ಟಿನ ಭರದಲ್ಲಿ ಅವರೇ ಇದನ್ನು ಕೊನೆಯಲ್ಲಿ ಹೇಳುತ್ತಾರೆ.

ಇನ್ನೊಂದು ನಿಯಮವಿದೆ, ಟೀಕಾಕಾರರು ಅದರ ಗೋಜಿಗೇ ಹೋಗುವುದಿಲ್ಲ. 1974ರ ಪುಸ್ತಿಕೆಯ ಪ್ರಕಾರ ಎದುರಾದ ಜೀವಿ ಮೇಲೆ ಬೀಳಲೇಬೇಕೆಂದಿಲ್ಲ. ನಡೆಸುವವರು ಆರು ಮುಖದ ಎರಡು ದಾಳ ಉರುಳಿಸುತ್ತಾರೆ: ಎರಡರಿಂದ ಐದು ಬಿದ್ದರೆ ಹಗೆ, ಆರರಿಂದ ಎಂಟು ಬಿದ್ದರೆ ಅನುಮಾನ, ಒಂಬತ್ತು ಅಥವಾ ಹೆಚ್ಚು ಬಿದ್ದರೆ ಸ್ನೇಹ.

ಈ ನಿಯಮ ಕೆಲಸ ಮಾಡುವುದನ್ನು ನಾನು ಬಳ್ಳಾರಿಯ ಗಾಂಧಿನಗರದ ಮನೆಯೊಂದರ ಮಹಡಿಯಲ್ಲಿ ನೋಡಿದೆ. ಭಾನುವಾರ ಮಧ್ಯಾಹ್ನ, ಫ್ಯಾನಿನ ಗಾಳಿಗೆ ಹಾರದಂತೆ ನಕ್ಷೆಯ ನಾಲ್ಕು ಮೂಲೆಗೂ ಉಕ್ಕಿನ ಲೋಟ. ಆಟ ನಡೆಸುತ್ತಿದ್ದವರು ಕಾಲೇಜೊಂದರ ಗಣಿತ ಉಪನ್ಯಾಸಕಿ. ಆಡುತ್ತಿದ್ದವರು ವೈದ್ಯಕೀಯ ಓದುತ್ತಿರುವ ಹುಡುಗಿ, ಔಷಧ ಅಂಗಡಿಯ ಹುಡುಗ, ಬ್ಯಾಂಕ್ ನೌಕರ, ಸಿರುಗುಪ್ಪದ ಅಕ್ಕಿ ಗಿರಣಿಯವರ ಮಗ. ಮಾತು ಕನ್ನಡ, ದಾಳ ಕೈಕೊಟ್ಟಾಗ ತೆಲುಗು. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ತಟ್ಟೆ ಸುತ್ತು ಹೊಡೆಯುತ್ತಿತ್ತು. ಎಣ್ಣೆಗೈಯಲ್ಲಿ ದಾಳ ಮುಟ್ಟುವಂತಿಲ್ಲ ಎಂಬುದು ಆ ಮನೆಯ ಏಕೈಕ ಕಠಿಣ ಕಾನೂನು.

ನಕ್ಷೆಯಲ್ಲಿದ್ದುದು ನಮ್ಮದೇ ಕೋಟೆ. ಹನುಮಪ್ಪ ನಾಯಕನ ಮೇಲುಕೋಟೆ, ಹೈದರಾಲಿ 1769ರ ನಂತರ ಕಟ್ಟಿಸಿದ ಕೆಳಕೋಟೆ, ಬಂಡೆಯಲ್ಲಿ ನೀರು ನಿಲ್ಲುವ ಹೊಂಡಗಳು. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರ್ ಎದುರಿಗಿದ್ದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಎಂಬುದನ್ನು ಗಮನಿಸಲಿಲ್ಲ, ಹಾಗಾಗಿ ಹೈದರಾಲಿ ಅವನನ್ನು ಗಲ್ಲಿಗೇರಿಸಿದ ಎಂಬ ಐತಿಹ್ಯ ಊರಿಗೆಲ್ಲ ಗೊತ್ತು. (ವಿನ್ಯಾಸಕಾರನ ವಿಮರ್ಶೆಯಲ್ಲಿ ಬಳ್ಳಾರಿಯನ್ನು ಮೀರಿಸುವ ಊರು ಸಿಗಲಾರದು.) ಉಪನ್ಯಾಸಕಿ ಆ ಎಂಜಿನಿಯರನನ್ನು ಪೂರ್ವದ ಬಾಗಿಲಲ್ಲಿ ದೆವ್ವವಾಗಿ ನಿಲ್ಲಿಸಿದ್ದರು.

ಮೇಲಿನ ಹೊಂಡದ ಬಳಿ ಓರ್ಕ್‌ಗಳ ಒಂದು ಕುಟುಂಬ ಸಿಕ್ಕಿತು, ಮರಿಗಳೂ ಇದ್ದವು. ‘ಓರ್ಕ್ ದುಷ್ಟ ಜಾತಿ ಅಂತ ಹಳೆಯ ಪುಸ್ತಕದಲ್ಲೇ ಇದೆ, ಮುಗಿಸಿ ಮುಂದೆ ಹೋಗೋಣ’ ಎಂದ ಗಿರಣಿಯವರ ಮಗ. ‘ಮರಿಗಳನ್ನೂ?’ ಎಂದಳು ವೈದ್ಯಕೀಯದ ಹುಡುಗಿ. ಮುಂದಿನ ಮುಕ್ಕಾಲು ಗಂಟೆ ಕತ್ತಿ ಒರೆಯಿಂದ ಹೊರಗೆ ಬರಲಿಲ್ಲ. ಬಿಟ್ಟರೆ ನಾಳೆ ಊರಿನ ಮೇಲೆ ಬರುತ್ತವೆ ಎಂದು ಒಬ್ಬ, ಬಂದಾಗ ನೋಡೋಣ ಎಂದು ಇನ್ನೊಬ್ಬ. ಬ್ಯಾಂಕ್ ನೌಕರ ಎರಡು ಸಲ ಪಕ್ಷ ಬದಲಿಸಿದ. ಕೊನೆಗೆ ಉಪನ್ಯಾಸಕಿ ಎರಡು ದಾಳ ಉರುಳಿಸಿದರು. ಐದು, ನಾಲ್ಕು. ಓರ್ಕ್‌ಗಳು ಕೇಳಿದ್ದು ನೀರನ್ನು: ಕೆಳಗಿನ ಹೊಂಡ ಬತ್ತಿದೆ, ಮೇಲಿನದಕ್ಕೆ ದೆವ್ವ ಬಿಡುವುದಿಲ್ಲ. ಆಟ ಆ ಕಡೆ ತಿರುಗಿತು.

ಗೈಗ್ಯಾಕ್ಸ್ ಅವರನ್ನು ಸಮರ್ಥಿಸುವವರು ಇಂಥ ಮಧ್ಯಾಹ್ನಗಳನ್ನೇ ಮುಂದಿಡುತ್ತಾರೆ. ಎಲ್ಲಿದೆ ಸ್ವಾಮಿ ಕೊಲೆ ಎಂದು ಕೇಳುತ್ತಾರೆ. ಆದರೆ ಅಂದಿನ ಮುಕ್ಕಾಲು ಗಂಟೆಯ ವಾದ ಆ ಐದು ಜನರದು. ದಾಳದ ನಿಯಮ ಗೈಗ್ಯಾಕ್ಸ್, ಆರ್ನೆಸನ್ ಅವರದು, ಅಷ್ಟರಮಟ್ಟಿಗೆ ಕೀರ್ತಿ ಅವರಿಗೂ ಸಲ್ಲಬೇಕು. ಮರಿಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಗೈಗ್ಯಾಕ್ಸ್ ಸ್ವತಃ ಕೊಟ್ಟ ಉತ್ತರ ಮಾತ್ರ ಬೇರೆಯೇ ಇತ್ತು.

2005ರಲ್ಲಿ, ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಆಟದಲ್ಲಿ ಧರ್ಮಿಷ್ಠ ಯೋಧನೊಬ್ಬ ಸೆರೆಸಿಕ್ಕ ಶತ್ರುಗಳನ್ನು ಕೊಲ್ಲಬಹುದೇ ಎಂಬ ಚರ್ಚೆಯಲ್ಲಿ ಅವರು ಕೊಲ್ಲಬಹುದೆಂಬ ಕಡೆಗೇ ವಾಲಿದರು. ಜೊತೆಗೆ ಒಂದು ಹಳೆಯ ಮಾತನ್ನು ಎತ್ತಿಕೊಂಡರು: ಸೀರು ಬೆಳೆದೇ ಹೇನಾಗುತ್ತದೆ, ಅಂದರೆ ಶತ್ರುವಿನ ಮರಿಯನ್ನೂ ಬಿಡಬಾರದು. ಅದು ಕರ್ನಲ್ ಜಾನ್ ಚಿವಿಂಗ್ಟನ್ ಆಡಿದ್ದೆಂದು ಪ್ರಸಿದ್ಧವಾದ ಮಾತು. 1864ರ ನವೆಂಬರ್ 29ರಂದು ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಚಿವಿಂಗ್ಟನ್‌ನ ಸೈನಿಕರು ಶಯಾನ್ ಮತ್ತು ಅರಪಾಹೊ ಎಂಬ ಅಮೆರಿಕದ ಮೂಲನಿವಾಸಿ ಜನರ ಬಿಡಾರದ ಮೇಲೆ ಬಿದ್ದು ನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮಾತಿನ ಮೂಲ ಯಾರೆಂಬುದು ಗೈಗ್ಯಾಕ್ಸ್ ಅವರಿಗೆ ಚೆನ್ನಾಗಿ ಗೊತ್ತಿತ್ತು, ಹೆಸರು ಹೇಳಿಯೇ ಉಲ್ಲೇಖಿಸಿದ್ದರು. ಕಾಲ್ಪನಿಕ ಓರ್ಕ್‌ಗಳ ಬಗ್ಗೆ ಆಡಿದ ಮಾತು ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಹತ್ಯೆ ನಿಜವಾಗಿ ನಡೆದದ್ದು, ಸತ್ತವರು ನಿಜವಾದ ಜನ.

ಹೆಂಗಸರ ವಿಷಯದಲ್ಲೂ ಸಾಕ್ಷಿ ಕಪ್ಪುಬಿಳುಪಿನಲ್ಲಿದೆ. 1978ರ ನಿಯಮ ಪುಸ್ತಕದಲ್ಲಿ ಮನುಷ್ಯ ಜಾತಿಯ ಪುರುಷ ಪಾತ್ರಕ್ಕೆ ಬಲದ ಗರಿಷ್ಠ ಮಿತಿ ಒಂದು, ಸ್ತ್ರೀ ಪಾತ್ರಕ್ಕೆ ಅದಕ್ಕಿಂತ ಕಡಿಮೆ ಇನ್ನೊಂದು. ಡ್ರ್ಯಾಗನ್ ಬೆಂಕಿ ಉಗುಳುವುದನ್ನು ಒಪ್ಪುವ ಆಟಕ್ಕೆ ಹೆಂಗಸಿನ ತೋಳ್ಬಲದ ವಿಷಯದಲ್ಲಿ ಮಾತ್ರ ವಾಸ್ತವ ನೆನಪಾಯಿತು! 1989ರಲ್ಲಿ ಆ ನಿಯಮ ಹೋಯಿತು. 1975ರಲ್ಲೇ ಒಂದು ಸಣ್ಣ ಪತ್ರಿಕೆಗೆ ಬರೆದಾಗ, ತಮ್ಮನ್ನು ಸ್ತ್ರೀದ್ವೇಷಿ ಎನ್ನುವವರನ್ನು ಅವರು ಗೇಲಿ ಮಾಡಿದ್ದರು. ಅಂದರೆ ಈ ಟೀಕೆ ಇಂದಿನವರ ಕಿತಾಪತಿಯಲ್ಲ, ಆಟದಷ್ಟೇ ಹಳೆಯದು. ಅವರ ಆಟವನ್ನು ಮೊಟ್ಟಮೊದಲು ಆಡಿದವರಲ್ಲಿ ಅವರ ಮಗಳೂ ಇದ್ದಳು ಎಂದು ಅಭಿಮಾನಿಗಳು ನೆನಪಿಸುತ್ತಾರೆ. ಅದೂ ನಿಜ.

ಪರರ ಸಂಸ್ಕೃತಿಯಿಂದ ಎತ್ತಿಕೊಂಡು ತಿರುಚಿದ್ದಾರೆ ಎಂಬ ಆರೋಪಕ್ಕೆ ನಾವೇ ಸಾಕ್ಷಿ ಹೇಳಬಹುದು. ಆಟದಲ್ಲಿ ಎದುರಾಗುವ ಜೀವಿಗಳನ್ನು ವಿವರಿಸುವ 1977ರ ರಾಕ್ಷಸ ಪುಸ್ತಕದಲ್ಲಿ ‘ರಾಕ್ಷಸ’ ಎಂಬ ಹೆಸರಿನದೇ ಒಂದು ಪ್ರಾಣಿ ಇದೆ: ಹುಲಿಯ ತಲೆ, ಮೈಮೇಲೆ ಶ್ರೀಮಂತರ ನಿಲುವಂಗಿ, ಕೈಯಲ್ಲಿ ಹೊಗೆ ಸೇದುವ ಪೈಪು. ಅರ್ಚಕ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾವು. ಈ ಬಾಣ ಯಾವ ಪುರಾಣದ್ದೂ ಅಲ್ಲ. ಅದು ಬಂದದ್ದು 1974ರ ಒಂದು ಅಮೆರಿಕನ್ ಟಿವಿ ಧಾರಾವಾಹಿಯ ಕಂತಿನಿಂದ. ಗಾಂಧಿನಗರದ ಮೇಜಿನಲ್ಲಿ ಆ ಚಿತ್ರ ತೋರಿಸಿದಾಗ ಯಾರಿಗೂ ಅವಮಾನವಾಗಲಿಲ್ಲ, ನಕ್ಕು ನಕ್ಕು ಸುಸ್ತಾದರು. ದೊಡ್ಡಾಟದ ರಾಕ್ಷಸ ಪಾತ್ರದ ಅಬ್ಬರ, ಭುಜಕೀರ್ತಿ, ಕೋರೆಹಲ್ಲು ನೋಡಿ ಬೆಳೆದವರಿಗೆ ಪೈಪು ಹಿಡಿದ ಹುಲಿ ಎಷ್ಟೆಂದರೂ ನಗೆಯ ಸರಕು. ಈ ಆರೋಪದಲ್ಲಿ ಸತ್ಯವಿದೆ, ಆದರೆ ಅಮೆರಿಕದ ಟೀಕಾಕಾರರು ನಮ್ಮ ಪರವಾಗಿ ಪಡುವ ನೋವಿನಷ್ಟು ನೋವು ನಮಗೆ ಆಗಿಲ್ಲ.

ಅಭಿಮಾನಿಗಳ ಸಿಟ್ಟಿಗೆ ಇತಿಹಾಸದ ಕಾರಣವೂ ಒಂದಿದೆ. 1979ರಲ್ಲಿ ಮಿಷಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಈ ಆಟವೇ ಅವನ ತಲೆ ಕೆಡಿಸಿತು ಎಂದು ಪತ್ರಿಕೆಗಳು ಬರೆದವು; ಹುಡುಗ ಆಮೇಲೆ ಸಿಕ್ಕ, ಅವನು ಕಾಣೆಯಾದ ಕಾರಣ ಆಟವಾಗಿರಲಿಲ್ಲ. 1982ರಲ್ಲಿ ಇನ್ನೊಬ್ಬ ಹುಡುಗ ಆತ್ಮಹತ್ಯೆ ಮಾಡಿಕೊಂಡಾಗ ಅವನ ತಾಯಿ ಆಟದ ವಿರುದ್ಧ ಚಳವಳಿಯನ್ನೇ ಕಟ್ಟಿದರು. ಇದು ಸೈತಾನನ ಪೂಜೆ ಎಂಬ ಗುಲ್ಲು ಎದ್ದಿತು. 1985ರಲ್ಲಿ ಗೈಗ್ಯಾಕ್ಸ್ ಟಿವಿಯಲ್ಲಿ ಕುಳಿತು ಆಟದ ಪರ ವಾದಿಸಿದರು. ಹೊರಗಿನವರು ಏನೇ ಹೇಳಿದರೂ ಅದರಲ್ಲಿ ಹಳೆಯ ಗುಲ್ಲಿನ ವಾಸನೆ ಹಿಡಿಯುವ ಅಭ್ಯಾಸ ಆ ತಲೆಮಾರಿನವರಿಗೆ ಅಂದೇ ಅಂಟಿತು. ಅವರಿಂದ ಇದನ್ನು ಬಳುವಳಿಯಾಗಿ ಪಡೆದವರು, ಅಂಥ ಗುಲ್ಲನ್ನು ಎಂದೂ ಎದುರಿಸದ ನಮ್ಮ ಹುಡುಗರು. ಬಳ್ಳಾರಿಯಲ್ಲಿ ಈ ಆಟಕ್ಕೆ ಬರುವ ಗರಿಷ್ಠ ವಿರೋಧವೆಂದರೆ ‘ಪರೀಕ್ಷೆ ಹತ್ತಿರ ಬಂತು’ ಎಂಬ ಅಪ್ಪಂದಿರ ಮಾತು.

2024ರ ಗಲಾಟೆ ಇನ್ನೂ ಕುತೂಹಲದ್ದು. ಇಂದು ಆಟದ ಒಡೆತನವಿರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ, ಆಟ ಹುಟ್ಟಿದ ಬಗೆಯನ್ನು ದಾಖಲಿಸುವ ದಪ್ಪ ಪುಸ್ತಕ ತಂದಿತು. ಆರಂಭದ ಬರಹಗಳಲ್ಲಿ ಸ್ತ್ರೀಯರ ಬಗ್ಗೆ ಹಗುರ ಭಾವನೆ ಇದೆ, ಪರಸಂಸ್ಕೃತಿಗಳನ್ನು ಮನಬಂದಂತೆ ಬಳಸಿದ್ದಾರೆ ಎಂದು ಅದರ ಪೀಠಿಕೆಯ ಬರಹ ಎಚ್ಚರಿಸಿತು. ಆ ವರ್ಷದ ನವೆಂಬರ್‌ನಲ್ಲಿ ಇಲಾನ್ ಮಸ್ಕ್ ರೊಚ್ಚಿಗೆದ್ದರು: ಗೈಗ್ಯಾಕ್ಸ್ ಅವರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ ಎಂದರು. ಅಲ್ಲಿಂದ ಚರ್ಚೆ ಅಮೆರಿಕದ ರಾಜಕೀಯದ ಕೆಸರಿಗೆ ಬಿತ್ತು. ಆ ಪುಸ್ತಕದ ನೂರಾರು ಪುಟಗಳು ಹಳೆಯ ಕರಡುಗಳನ್ನು, ಪತ್ರಗಳನ್ನು ಗೌರವದಿಂದಲೇ ಅಚ್ಚು ಹಾಕಿವೆ ಎಂಬುದನ್ನು ಕೂಗಾಡಿದವರಲ್ಲಿ ಎಷ್ಟು ಜನ ನೋಡಿದರೋ. ಕಂಪನಿಯ ಸಾಧುತನವನ್ನೂ ನಾನು ಪೂರ್ತಿ ನಂಬುವುದಿಲ್ಲ. ಸತ್ತವರ ಹೆಸರಿನಲ್ಲಿ ವರ್ಷೋತ್ಸವದ ಸರಕು ಮಾರುವುದು, ಅದೇ ಸರಕಿನಲ್ಲಿ ಅವರಿಂದ ಕೈತೊಳೆದುಕೊಳ್ಳುವುದು, ಎರಡೂ ಒಂದೇ ರಸೀದಿಯಲ್ಲಿ ನಡೆದವು. ಹೊಸ ನಿಯಮಗಳಲ್ಲಿ ಓರ್ಕ್ ಈಗ ಆಟಗಾರರೇ ಆರಿಸಿಕೊಳ್ಳಬಹುದಾದ ಪಾತ್ರ. 2025ರ ರಾಕ್ಷಸ ಪುಸ್ತಕದಲ್ಲಿ ಅವನಿಗೆ ಪ್ರತ್ಯೇಕ ನಮೂದೇ ಇಲ್ಲ. ಗಾಂಧಿನಗರದ ಮೇಜು ಆ ತೀರ್ಮಾನಕ್ಕೆ ಯಾವ ಪುಸ್ತಕದ ಅಪ್ಪಣೆಯೂ ಇಲ್ಲದೆ ಬಂದಿತ್ತು.

‘ಉತ್ತರ ಕೊಡಲು ಅವರೇ ಇಲ್ಲವಲ್ಲ’ ಎಂಬ ಮಾತು ನಮ್ಮಲ್ಲಿ ಬೇಗ ಮನಸ್ಸಿಗೆ ನಾಟುತ್ತದೆ. ಸತ್ತವರನ್ನು ಆಡಿಕೊಳ್ಳಬಾರದೆಂದು ಕಲಿತು ಬೆಳೆದವರು ನಾವು. 2008ರ ಲೇಖನ ಕೆಲವು ದಿನ ತಡೆದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಗೈಗ್ಯಾಕ್ಸ್ ಬದುಕಿದ್ದಾಗ ಮೌನಿಯಾಗಿರಲಿಲ್ಲ, ಕೊನೆಯ ವರ್ಷಗಳವರೆಗೂ ಕೇಳಿದವರಿಗೆಲ್ಲ ಉತ್ತರಿಸುತ್ತಿದ್ದರು. ಸೀರು ಹೇನಿನ ಮಾತು ಸಿಕ್ಕಿದ್ದು ಆ ಉತ್ತರಗಳಲ್ಲೇ.

ಸತ್ತವರಿಗೆ ನ್ಯಾಯ ಬೇಕು ಎನ್ನುವವರು ಇನ್ನೊಬ್ಬರ ಕಡೆಗೂ ನೋಡಬೇಕಾಗುತ್ತದೆ. ಆರ್ನೆಸನ್ 1976ರಲ್ಲಿ ಗೈಗ್ಯಾಕ್ಸ್ ಅವರ ಕಂಪನಿ ಬಿಟ್ಟರು. ನಿಯಮಗಳನ್ನು ವಿಸ್ತರಿಸಿ ಗೈಗ್ಯಾಕ್ಸ್ ತಂದ ಹೊಸ ಪುಸ್ತಕಗಳಿಗೆ ಆರ್ನೆಸನ್ ಅವರಿಗೆ ಗೌರವಧನ ಸಲ್ಲುವುದಿಲ್ಲ ಎಂಬುದು ಕಂಪನಿಯ ನಿಲುವು. 1979ರಲ್ಲಿ ಆರ್ನೆಸನ್ ನ್ಯಾಯಾಲಯಕ್ಕೆ ಹೋದರು, 1981ರಲ್ಲಿ ರಾಜಿಯಾಯಿತು. ಅವರು ತೀರಿಕೊಂಡದ್ದು 2009ರ ಏಪ್ರಿಲ್ 7ರಂದು, ಗೈಗ್ಯಾಕ್ಸ್ ಹೋದ ಹದಿಮೂರು ತಿಂಗಳಿಗೆ. ಗೈಗ್ಯಾಕ್ಸ್ ಅವರಿಗೆ ಅನ್ಯಾಯವಾಯಿತು ಎಂದು ವಾದಿಸಲು ಬರುವವರನ್ನು ನಾನೀಗ ಮೊದಲು ಕೇಳುವುದು ಆರ್ನೆಸನ್ ಯಾರೆಂದು ಗೊತ್ತೇ ಎಂದು. ಗಾಂಧಿನಗರದ ಆ ಮಹಡಿಯಲ್ಲಿ ಔಷಧ ಅಂಗಡಿಯ ಹುಡುಗನೊಬ್ಬನಿಗೆ ಗೊತ್ತಿತ್ತು.